ಹಾರ್ಟ್ ತೊಂದರೆ ಇರಬಹುದು ಅಂದಿದ್ದಾರೆ, ಟೆಸ್ಟ್‌ಗೆ ಇನ್ನೂ ದಿನ ಇದೆ: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಆಷಾಢದಲ್ಲಿ ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತುವಾಗ ನನ್ನ ಎದೆ ಮೇಲೆ ಯಾರೋ ಕೊಬ್ಬರಿ ಮೂಟೆ ಇಟ್ಟ ಹಾಗಾಯಿತು. ಮೆಟ್ಟಿಲ ಮೇಲೆ ಕೂತೆ, ಐದು ನಿಮಿಷಕ್ಕೆ ಹೋಯಿತು. ಎದ್ದು ಹತ್ತಿದೆ, ಮತ್ತೆ ಬಂತು. ಕೆಳಗಿಳಿದು ಬಂದವನು ಎರಡು ದಿನ ಯಾರಿಗೂ ಹೇಳಲಿಲ್ಲ, ಅದು ನನ್ನ ಮೊದಲ ತಪ್ಪು. ಆಮೇಲೆ ಡಾಕ್ಟರ್, ಇಸಿಜಿ, ಟ್ರೆಡ್‌ಮಿಲ್ ಮೇಲೆ ನಡೆಸುವ ಟಿಎಂಟಿ ಎಲ್ಲ ಆಗಿ, ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಂಗೆ 19 ದಿನ ಬಿಟ್ಟು ಡೇಟ್ ಕೊಟ್ಟರು. ಆ 19 ದಿನ ನಾನು ಕಂಡಕಂಡವರನ್ನು ಕೇಳಿದ್ದು, ಆಮೇಲೆ ಊರಿನವರು ಫೋನ್ ಮಾಡಿ ನನ್ನನ್ನು ಕೇಳಿದ್ದು, ಎರಡೂ ಸೇರಿಸಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ, ಅರಸೀಕೆರೆ ಕಡೆಯವನು, ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಿಮ್ಮ ಡಾಕ್ಟರ್ ಹೇಳಿದ್ದಕ್ಕೂ ನಾನು ಬರೆದಿದ್ದಕ್ಕೂ ತಾಳೆ ಆಗದಿದ್ದರೆ ಡಾಕ್ಟರ್ ಮಾತೇ ಕೇಳಿ.

ಮೂರು ವಾರ ಬಿಟ್ಟು ಬನ್ನಿ ಅಂದರು. ಅಂದರೆ ಏನೂ ಇಲ್ಲ ಅಂತನಾ?

ಅಲ್ಲ. ಈ ಹೊತ್ತಿಗೆ ತುರ್ತು ಕಾಣಿಸುತ್ತಿಲ್ಲ ಅಂತ ಅಷ್ಟೇ. ನಿಮ್ಮ ನೋವು ನಡೆದಾಗ, ಹತ್ತಿದಾಗ ಬಂದು, ನಿಂತರೆ ಹೋಗುತ್ತದೆ, ತಿಂಗಳುಗಳಿಂದ ಹೆಚ್ಚುಕಡಿಮೆ ಒಂದೇ ಥರ ಇದೆ ಅಂದರೆ ಡಾಕ್ಟರುಗಳು ಅದನ್ನು ಸ್ಥಿರವಾಗಿದೆ ಅಂತ ಲೆಕ್ಕ ಹಾಕುತ್ತಾರೆ. ಮಾತ್ರೆ ಬರೆದು, ಟೆಸ್ಟ್‌ಗೆ ಡೇಟ್ ಕೊಟ್ಟು ಕಳಿಸುತ್ತಾರೆ. ಆದರೆ ಅವರು ಆ ಡೇಟ್ ಕೊಟ್ಟಿದ್ದು ಆವತ್ತು ನೀವು ಹೇಳಿದ ಕಥೆ ಮೇಲೆ. ನಡುವೆ ಕಥೆ ಬದಲಾದರೆ ಡೇಟೂ ಬದಲಾಗಬೇಕು. ಬಹಳ ಜನ ಎಡವುವುದು ಇಲ್ಲೇ. "ಹೇಗೂ 24ನೇ ತಾರೀಕು ಹೋಗ್ತೀನಲ್ಲ, ಆವಾಗ್ಲೇ ಹೇಳಿದರಾಯ್ತು" ಅಂತ ಸುಮ್ನೆ ಕೂರುತ್ತಾರೆ.

ಹಾಗಾದರೆ ಯಾವಾಗ ಕಾಯಬಾರದು?

ಈ ಒಂದು ಪ್ರಶ್ನೆ ಮಾತ್ರ ಓದಿ ಹೋದರೂ ಸಾಕು.

ಸುಮ್ಮನೆ ಕೂತಾಗಲೂ ಎದೆ ಹಿಡಿದುಕೊಂಡರೆ, ವಿಶ್ರಾಂತಿ ತೆಗೆದುಕೊಂಡ ಮೇಲೂ ಕೆಲವು ನಿಮಿಷದಲ್ಲಿ ಬಿಡದಿದ್ದರೆ, ಜೊತೆಗೆ ತಣ್ಣನೆ ಬೆವರು, ಉಸಿರು ಸಿಗದಿರುವುದು, ವಾಂತಿ, ಕಣ್ಣು ಕತ್ತಲೆ ಬರುವುದು, ನೋವು ದವಡೆಗೋ ಕೈಗೋ ಬೆನ್ನಿಗೋ ಹರಿಯುವುದು ಇದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಬಲಗೈಗೆ ಹರಿದರೂ ಅಷ್ಟೇ, ಎಡಗೈಯೇ ಆಗಬೇಕೆಂದಿಲ್ಲ. ಪ್ರಜ್ಞೆ ತಪ್ಪಿದರೆ ಕೇಳುವುದೇ ಬೇಡ. ಡಾಕ್ಟರ್ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಕೊಟ್ಟಿದ್ದರೆ ಕೂತುಕೊಂಡು ಇಟ್ಟುಕೊಳ್ಳಿ, ನಿಂತು ಬೇಡ, ಬಿಪಿ ಇಳಿದು ತಲೆ ತಿರುಗುತ್ತದೆ. ನಡೆದಾಗ ಬರುವ ಮಾಮೂಲಿ ನೋವೂ ಐದು ನಿಮಿಷದಲ್ಲಿ ಕಡಿಮೆ ಆಗಲಿಲ್ಲ ಅಂದರೆ ಫೋನ್ ಎತ್ತಿ.

ಬೈಕ್ ಹತ್ತಿ ನೀವೇ ಹೋಗಬೇಡಿ. ಹಿಂದೆ ಯಾರನ್ನೋ ಕೂರಿಸಿಕೊಂಡು ನೀವು ಓಡಿಸುವುದಂತೂ ಬೇಡವೇ ಬೇಡ, ನಮ್ಮೂರಲ್ಲಿ ಹಾಗೂ ಮಾಡಿದವರಿದ್ದಾರೆ. ಇನ್ನೊಂದು, ದೊಡ್ಡ ಆಸ್ಪತ್ರೆಗೇ ಹೋಗೋಣ ಅಂತ ನೂರಾರು ಕಿಲೋಮೀಟರ್ ಕಾರಲ್ಲಿ ಹೊರಡಬೇಡಿ. ಹತ್ತಿರದಲ್ಲಿ ಎಲ್ಲಿ ಇಸಿಜಿ ತೆಗೆಯುತ್ತಾರೋ ಅಲ್ಲಿಗೆ ಮೊದಲು. ರಕ್ತನಾಳ ಪೂರ್ತಿ ಕಟ್ಟಿಕೊಂಡರೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ, ಹಾಗಾಗಿ ಮೊದಲ ಒಂದು ಗಂಟೆಗೆ ಅಷ್ಟು ಬೆಲೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಹೋದ ಮೇಲೆ ಅವರ ಹೆಸರಲ್ಲಿ ಸರ್ಕಾರ ಹೃದಯ ಜ್ಯೋತಿ ಅಂತ ಯೋಜನೆ ಮಾಡಿದೆ. ಯೋಜನೆ ಇರುವ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ, ಅಟ್ಯಾಕ್ ಅಂತ ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ. ನಿಮ್ಮ ತಾಲೂಕಲ್ಲಿ ಇದು ಇದೆಯಾ, ರಾತ್ರಿ ಹೊತ್ತು ಇಸಿಜಿ ತೆಗೆಯುತ್ತಾರಾ ಅಂತ ಇವತ್ತೇ ಹೋಗಿ ಕೇಳಿಕೊಂಡು ಬನ್ನಿ.

ಇವಿಷ್ಟು ತಕ್ಷಣದ್ದು. ಇನ್ನೊಂದು ಥರ ಇದೆ, ಮೆಲ್ಲಗೆ ಬದಲಾಗುವುದು. ಮೊದಲು ಬೆಟ್ಟ ಹತ್ತಿದರೆ ಬರುತ್ತಿದ್ದ ನೋವು ಈಗ ಬಸ್‌ಸ್ಟಾಂಡಿನವರೆಗೆ ನಡೆದರೂ ಬರುತ್ತಿದೆ, ವಾರಕ್ಕೊಮ್ಮೆ ಬರುತ್ತಿದ್ದದ್ದು ದಿನಾ ಬರುತ್ತಿದೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದೆ. ಇದಕ್ಕೂ ಡೇಟ್ ಕಾಯಬಾರದು, ಅವತ್ತೇ ಡಾಕ್ಟರಿಗೆ ಹೇಳಬೇಕು. ಅವರು ಸಿಗದಿದ್ದರೆ ತುರ್ತು ವಿಭಾಗಕ್ಕೆ ಹೋಗಿ.

ಗ್ಯಾಸ್ಟ್ರಿಕ್ ಇರಬಹುದಲ್ವಾ?

ಇರಬಹುದು. ಕರ್ನಾಟಕದಲ್ಲಿ ಹೊಕ್ಕಳಿಂದ ಗಂಟಲವರೆಗೆ ಎಲ್ಲಿ ಏನಾದರೂ ಅದಕ್ಕೆ ಗ್ಯಾಸ್ಟ್ರಿಕ್ ಅಂತಲೇ ಹೆಸರು. ನಾನೂ ಎರಡು ದಿನ ಸೋಡಾ ಕುಡಿದೆ, ಓಮದ ನೀರು ಕುಡಿದೆ. ಊಟ ಆದಮೇಲೆ, ಮಲಗಿದಾಗ ಉರಿಯುತ್ತದೆ, ಹುಳಿ ತೇಗು ಬರುತ್ತದೆ ಅಂದರೆ ಹೊಟ್ಟೆಯದ್ದಿರಬಹುದು. ನಡೆದರೆ ಬರುತ್ತದೆ ನಿಂತರೆ ಹೋಗುತ್ತದೆ ಅಂದರೆ ಹೊಟ್ಟೆ ಮೇಲೆ ಹಾಕಬೇಡಿ. ತೊಂದರೆ ಏನೆಂದರೆ ಈ ಎರಡರ ನಡುವೆ ಗೆರೆ ಎಳೆಯುವುದು ಮನೆಯಲ್ಲಿ ಆಗದ ಕೆಲಸ. ಹಾರ್ಟ್ ಅಟ್ಯಾಕ್ ಆದವರಿಗೂ ತೇಗು ಬರುತ್ತದೆ, ತೇಗು ಬಂದ ಮೇಲೆ ಹಗುರ ಅನ್ನಿಸುತ್ತದೆ. ಅದನ್ನು ನಂಬಿ ಬೆಳಿಗ್ಗೆವರೆಗೆ ಕಾಯಬೇಡಿ.

ಹೆಂಗಸರಿಗೂ ಹೀಗೇನಾ?

ಎದೆ ನೋವೇ ಅವರಿಗೂ ಸಾಮಾನ್ಯ. ಆದರೆ ಉಸಿರು ಕಟ್ಟುವುದು, ಹೇಳಿಕೊಳ್ಳಲಾಗದ ಸುಸ್ತು, ವಾಕರಿಕೆ, ಬೆನ್ನು ಅಥವಾ ದವಡೆ ನೋವು ಮಾತ್ರ ಕಾಣಿಸುವುದೂ ಜಾಸ್ತಿ. ಮನೆಯಲ್ಲಿ "ಕೆಲಸ ಜಾಸ್ತಿ ಆಗಿ ಸುಸ್ತು" ಅಂತ ಮುಗಿಸಿಬಿಡುತ್ತಾರೆ. ಸಕ್ಕರೆ ಕಾಯಿಲೆ ಇರುವವರಿಗೆ, ಗಂಡಸಾಗಲಿ ಹೆಂಗಸಾಗಲಿ, ನೋವೇ ಗೊತ್ತಾಗದೆ ಅಟ್ಯಾಕ್ ಆಗಬಹುದು.

ಇಸಿಜಿ ನಾರ್ಮಲ್ ಬಂತಲ್ಲ, ಮತ್ಯಾಕೆ ಇಷ್ಟೊಂದು ಟೆಸ್ಟ್? ದುಡ್ಡು ಮಾಡೋಕಾ?

ಆ ಅನುಮಾನ ನನಗೂ ಬಂದಿತ್ತು. ಇಸಿಜಿ ಅನ್ನೋದು ನೀವು ಮಲಗಿದ್ದಾಗಿನ ಕೆಲವು ಸೆಕೆಂಡಿನ ಚಿತ್ರ. ಮಲಗಿದಾಗ ಹೃದಯಕ್ಕೆ ಕೆಲಸ ಕಡಿಮೆ, ಅರ್ಧ ಕಟ್ಟಿದ ನಾಳದಲ್ಲೂ ಅಷ್ಟು ರಕ್ತ ಹರಿಯುತ್ತದೆ. ಬೇಸಿಗೆಯಲ್ಲಿ ಒಂದೇ ನಲ್ಲಿ ಬಿಟ್ಟರೆ ನೀರು ಸರಿಯಾಗೇ ಬರುತ್ತದೆ, ಬೀದಿಯವರೆಲ್ಲ ಒಟ್ಟಿಗೆ ಬಿಟ್ಟಾಗಲೇ ಪೈಪಿನ ಬಂಡವಾಳ ಗೊತ್ತಾಗೋದು. ಟಿಎಂಟಿ ಮಾಡುವುದು ಇದನ್ನೇ, ನಿಮ್ಮನ್ನು ನಡೆಸಿ ಹೃದಯಕ್ಕೆ ಕೆಲಸ ಕೊಟ್ಟು ನೋಡುವುದು.

ಯಾವ ಟೆಸ್ಟಲ್ಲಿ ಏನು ಮಾಡುತ್ತಾರೆ? ಹೆದರಿಕೆ ಆಗುತ್ತಿದೆ.

ಎಕೋಗೆ ಹೆದರಬೇಡಿ. ಹೊಟ್ಟೆ ಸ್ಕ್ಯಾನಿಂಗ್ ಥರವೇ, ಎದೆ ಮೇಲೆ ತಣ್ಣನೆ ಜೆಲ್ ಹಾಕಿ ಹೃದಯ ಹೇಗೆ ಹಿಂಡುತ್ತಿದೆ, ವಾಲ್ವ್ ಹೇಗಿದೆ ನೋಡುತ್ತಾರೆ. ಸೂಜಿ ಇಲ್ಲ. ಬ್ಲಾಕ್, ಅಂದರೆ ನಾಳ ಕಟ್ಟಿಕೊಂಡಿರುವುದು, ನೇರವಾಗಿ ಇದರಲ್ಲಿ ಕಾಣುವುದಿಲ್ಲ.

ಟಿಎಂಟಿ ಅಂದರೆ ಟ್ರೆಡ್‌ಮಿಲ್. ಸಾಮಾನ್ಯವಾಗಿ ಗಂಟೆಗೆ 2.7 ಕಿಲೋಮೀಟರ್ ವೇಗದಲ್ಲಿ ಶುರು. ಕಡಿಮೆ ಅನ್ನಿಸುತ್ತದೆ, ಆದರೆ ಮೊದಲಿಂದಲೇ ಏರು ಇರುತ್ತದೆ, ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಎರಡೂ ಜಾಸ್ತಿ. ಎದೆ ನೋವು, ತಲೆಸುತ್ತು ಬಂದರೆ ಕೂಡಲೇ ಹೇಳಿ, ನಿಲ್ಲಿಸುತ್ತಾರೆ. ಮರ್ಯಾದೆಗೆ ಅಂಜಿ ನಡೆಯಬೇಡಿ, ಅಲ್ಲಿ ಯಾರೂ ಬಹುಮಾನ ಕೊಡಲ್ಲ. ಹಿಂದಿನ ಎರಡು ಮೂರು ಗಂಟೆ ಊಟ ಬೇಡ, ಅವತ್ತು ಕಾಫಿ, ಟೀ, ಬೀಡಿ ಸಿಗರೇಟ್ ಬೇಡ. ಸಡಿಲ ಬಟ್ಟೆ, ನಡೆಯೋಕೆ ಆಗುವ ಶೂ ಇರಲಿ. ನಾನು ಪಂಚೆಯಲ್ಲಿ ಹೋಗಿ ವಾರ್ಡ್ ಬಾಯ್ ಹತ್ತಿರ ಪೈಜಾಮ ಇಸಕೊಂಡೆ. ಬಿಪಿ ಮಾತ್ರೆಗಳಲ್ಲಿ ಕೆಲವು ಹೃದಯದ ಬಡಿತ ತಗ್ಗಿಸುತ್ತವೆ, ಟೆಸ್ಟಿನ ಫಲಿತಾಂಶ ಮಂಕಾಗಬಹುದು. ಅದನ್ನು ನಿಲ್ಲಿಸಬೇಕಾ ಬೇಡವಾ ಅಂತ ಮೊದಲೇ ಕೇಳಿ, ನೀವಾಗೇ ನಿಲ್ಲಿಸಬೇಡಿ.

ಹೋಲ್ಟರ್ ಅಂದರೆ 24 ಗಂಟೆಯೋ ಅದಕ್ಕಿಂತ ಜಾಸ್ತಿಯೋ ಮೈಮೇಲೆ ಕಟ್ಟಿಕೊಂಡು ಓಡಾಡುವ ಸಣ್ಣ ಯಂತ್ರ. ಎದೆ ಢವಢವ ಅನ್ನುವವರಿಗೆ ಹಾಕುತ್ತಾರೆ. ಸ್ನಾನ ಮೊದಲೇ ಮುಗಿಸಿ ಹೋಗಿ.

ಸಿಟಿ ಆಂಜಿಯೋದಲ್ಲಿ ಕೈಗೆ ಡೈ ಚುಚ್ಚಿ ಸ್ಕ್ಯಾನ್ ಮಾಡುತ್ತಾರೆ. ಡೈ ಹೋದಾಗ ಮೈಯೆಲ್ಲ ಬಿಸಿಯಾಗಿ ಚಡ್ಡಿಯಲ್ಲೇ ಮೂತ್ರ ಹೋಯಿತೇನೋ ಅನ್ನಿಸುತ್ತದೆ, ಹೋಗಿರಲ್ಲ. ಬಡಿತ ನಿಧಾನ ಮಾಡೋಕೆ ಮಾತ್ರೆ ಕೊಡಬಹುದು. ಮಾಮೂಲಿ ಆಂಜಿಯೋಗ್ರಾಂನಲ್ಲಿ ಮಣಿಕಟ್ಟಿನ ಅಥವಾ ತೊಡೆಯ ಸಂದಿನ ನಾಳದಿಂದ ಸಣ್ಣ ಕೊಳವೆ ಬಿಡುತ್ತಾರೆ. ಆ ಜಾಗ ಮಾತ್ರ ಮರಗಟ್ಟಿಸುತ್ತಾರೆ, ಎಚ್ಚರ ಇರುತ್ತದೆ, ಪರದೆಯಲ್ಲಿ ನಿಮ್ಮ ಹೃದಯದ ನಾಳ ನೀವೇ ನೋಡಬಹುದು. ನಾನು ನೋಡಿದೆ. ಬೇಲಿ ಬಳ್ಳಿ ಥರ ಇತ್ತು. ಈ ಎರಡಕ್ಕೂ ಮೊದಲು ಕಿಡ್ನಿಯ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಸಕ್ಕರೆಗೆ ಮೆಟ್‌ಫಾರ್ಮಿನ್ ತಿನ್ನುತ್ತಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ, ಹಿಂದೆ ಡೈಯಿಂದ ಅಲರ್ಜಿ ಆಗಿದ್ದರೆ, ಬಸಿರಿಯಾಗಿರುವ ಸಾಧ್ಯತೆ ಇದ್ದರೆ ಅವರು ಕೇಳುವವರೆಗೆ ಕಾಯದೆ ನೀವೇ ಹೇಳಿಬಿಡಿ.

ಟಿಎಂಟಿ ಪಾಸಿಟಿವ್. ಬ್ಲಾಕ್ ಗ್ಯಾರಂಟಿನಾ?

ಪಾಸಿಟಿವ್ ಅಂದರೆ ಬ್ಲಾಕ್ ಅನುಮಾನ ಇದೆ ಅಂತ ಅಷ್ಟೇ, ಗ್ಯಾರಂಟಿ ಇಲ್ಲ. ಬ್ಲಾಕ್ ಇಲ್ಲದೆಯೂ ಪಾಸಿಟಿವ್ ಬರುತ್ತದೆ, ಹೆಂಗಸರಲ್ಲಿ ಇನ್ನೂ ಜಾಸ್ತಿ. ನೆಗೆಟಿವ್ ಬಂದು ಬ್ಲಾಕ್ ಇರುವುದೂ ಉಂಟು. ಅದಕ್ಕೇ ಮುಂದಿನ ಟೆಸ್ಟ್. ಪಾಸಿಟಿವ್ ಅನ್ನುವ ಪದ ನೋಡಿ ನಮ್ಮತ್ತೆ ಖುಷಿಪಟ್ಟು ದೇವರಿಗೆ ದೀಪ ಹಚ್ಚಿದ್ದರು, ತಿಳಿಸಿ ಹೇಳೋಕೆ ಅರ್ಧ ಗಂಟೆ ಹಿಡಿಯಿತು.

ರಾತ್ರಿ ಮಲಗಿದರೆ ಬರೀ ಎದೆಬಡಿತವೇ ಕೇಳಿಸುತ್ತದೆ. ನಿದ್ದೆ ಇಲ್ಲ. ಏನು ಮಾಡಲಿ?

ನನಗೆ ಬೆಟ್ಟದ ಮೇಲಿನ ನೋವಿಗಿಂತ ಈ ರಾತ್ರಿಗಳೇ ಕಷ್ಟ ಕೊಟ್ಟಿದ್ದು. ಹಗಲು ಮಂಡಿಯ ಗದ್ದಲದಲ್ಲಿ ಗೊತ್ತಾಗುತ್ತಿರಲಿಲ್ಲ. ಹನ್ನೊಂದು ಗಂಟೆಗೆ ದೀಪ ಆರಿಸಿದ ಕೂಡಲೇ ಶುರು. ಎಡಕ್ಕೆ ತಿರುಗಿದರೆ ಬಡಿತ ಕಿವಿಗೇ ಕೇಳುತ್ತಿತ್ತು. ಮೊಬೈಲಲ್ಲಿ ನಾಡಿ ಎಣಿಸುವ ಆ್ಯಪ್ ಹಾಕಿಕೊಂಡೆ, 88 ಬಂತು, ಹೆದರಿದೆ, ಮತ್ತೆ ನೋಡಿದೆ, 96. ಹೆದರಿದ್ದಕ್ಕೇ ಏರಿದ್ದು! ಮೂರನೇ ರಾತ್ರಿ ಹೆಂಡತಿ ಆ ಆ್ಯಪ್ ಅಳಿಸಿ ಹಾಕಿದಳು.

ಆಮೇಲೆ ನನಗೆ ಉಪಯೋಗಕ್ಕೆ ಬಂದದ್ದು ಒಂದು ಹಳೇ ಲೆಕ್ಕದ ಪುಸ್ತಕ. ನೋವು ಬಂದಾಗ ಎಷ್ಟು ಗಂಟೆಗೆ, ಏನು ಮಾಡುತ್ತಿದ್ದೆ, ಎಷ್ಟು ನಿಮಿಷ ಇತ್ತು, ಏನು ಮಾಡಿದ ಮೇಲೆ ಹೋಯಿತು, ನಾಲ್ಕೇ ಕಾಲಂ. ಬರೆದು ಮುಚ್ಚುವುದು. ಇದರಿಂದ ಎರಡು ಲಾಭ. ಡಾಕ್ಟರ್ ಮುಂದೆ "ಯಾವಾಗಲೂ ನೋಯುತ್ತೆ ಸಾರ್" ಅನ್ನುವ ಬದಲು ಲೆಕ್ಕ ಇಡಬಹುದು. ಮತ್ತೆ, ನನಗೇ ಆಶ್ಚರ್ಯ ಆಗಿದ್ದು, ಹತ್ತು ದಿನದಲ್ಲಿ ನಿಜವಾಗಿ ನೋವು ಬಂದಿದ್ದು ನಾಲ್ಕು ಸಲ, ನಾಲ್ಕೂ ಸಲ ಹತ್ತುವಾಗ ಅಥವಾ ಬಿರಬಿರನೆ ನಡೆಯುವಾಗ. ರಾತ್ರಿಯದ್ದೆಲ್ಲ ಬರೀ ಭಯ.

ಆದರೆ ಇದನ್ನು ಓದಿ "ಓ, ನನ್ನದೂ ಬರೀ ಭಯ" ಅಂದುಕೊಳ್ಳಬೇಡಿ. ಗಾಬರಿ ಬಂದಾಗಲೂ ಎದೆ ಹಿಡಿಯುತ್ತದೆ, ಬೆವರುತ್ತದೆ, ಕೈ ಜುಮ್ಮೆನ್ನುತ್ತದೆ. ಅದೂ ಇದೂ ಒಂದೇ ಥರ ಇರೋದರಿಂದ ಹೊಸ ನೋವಿಗೆ, ಬಿಡದ ನೋವಿಗೆ ಮೇಲೆ ಬರೆದ ನಿಯಮವೇ. ಹೋಗಿ ತೋರಿಸಿ ಏನೂ ಇಲ್ಲ ಅಂತ ವಾಪಸ್ ಬಂದರೆ ನಾಚಿಕೆ ಪಡಬೇಕಾದ್ದೇನೂ ಇಲ್ಲ.

ವಾಟ್ಸಾಪಲ್ಲಿ ಬಂದಿದೆ: ಅಟ್ಯಾಕ್ ಆದಾಗ ಜೋರಾಗಿ ಕೆಮ್ಮಿದರೆ ಬದುಕುತ್ತಾರಂತೆ?

ಕೆಮ್ಮುತ್ತಾ ಕೂತ ಹೊತ್ತಲ್ಲಿ 108 ಬಂದಿರುತ್ತಿತ್ತು. ಮನೆಯಲ್ಲಿ ಒಬ್ಬರೇ ಇದ್ದಾಗ ಕೆಮ್ಮಿ ಬಚಾವಾಗಿ ಅಂತ ಯಾವ ಹೃದಯ ತಜ್ಞರ ಸಂಘವೂ ಹೇಳುವುದಿಲ್ಲ. ಬಾಗಿಲು ತೆಗೆದಿಟ್ಟು, ಫೋನ್ ಮಾಡಿ, ಕೂತುಕೊಳ್ಳಿ. ಆಸ್ಪಿರಿನ್ ಅಲರ್ಜಿ ಇಲ್ಲದವರಿಗೆ, ರಕ್ತಸ್ರಾವದ ತೊಂದರೆ ಇಲ್ಲದವರಿಗೆ 300 ಮಿಲಿಗ್ರಾಂ ಆಸುಪಾಸಿನ ಮಾತ್ರೆ ಅಗಿದು ನುಂಗಲು ಹೇಳುವುದುಂಟು. ಅದು ನಿಮಗೆ ಆಗುತ್ತದಾ ಅಂತ ಈಗಲೇ ಡಾಕ್ಟರನ್ನು ಕೇಳಿ ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ.

ಬೆಳ್ಳುಳ್ಳಿ, ಶುಂಠಿ, ನಿಂಬೆ, ಜೇನು ಕುದಿಸಿದ್ದು ಬ್ಲಾಕ್ ಕರಗಿಸುತ್ತದೆ ಅನ್ನುವುದೂ ಸುಳ್ಳು. ಸಾರಿಗೆ ಬೆಳ್ಳುಳ್ಳಿ ಹಾಕಿಕೊಂಡು ತಿನ್ನಿ, ಚೆನ್ನಾಗಿರುತ್ತದೆ.

ಹಾಸನದಲ್ಲಿ ಅಷ್ಟು ಜನ ಸತ್ತರಲ್ಲ, ವ್ಯಾಕ್ಸಿನ್‌ನಿಂದ ಅಂತಾರೆ?

ನಾನು ಅದೇ ಜಿಲ್ಲೆಯವನು, ಅದೇ ಹೊತ್ತಲ್ಲಿ ಟೆಸ್ಟ್‌ಗೆ ಕಾಯುತ್ತಿದ್ದವನು. 2025ರ ಜೂನ್ ಕೊನೆಗೆ ದಿನಾ ಬೆಳಿಗ್ಗೆ ಟಿವಿಯಲ್ಲಿ ಹಾಸನದಲ್ಲಿ ಹಾರ್ಟ್ ಅಟ್ಯಾಕ್‌ಗೆ ಇನ್ನೊಂದು ಸಾವು, ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಅಂತ ಲೆಕ್ಕ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ನಮ್ಮ ಕಡೆಯ ಜನ ಬೆಳಗಿನ ಜಾವದಿಂದ ಸಾಲು ನಿಂತರು, ಭಯಪಡಬೇಡಿ ಅಂತ ಡಾಕ್ಟರುಗಳೇ ಹೇಳಬೇಕಾಯಿತು. ಸರ್ಕಾರ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಯಿಂದ ವರದಿ ತರಿಸಿತು. ಕೋವಿಡ್ ಲಸಿಕೆಗೂ ಈ ಹೃದಯದ ಕಾಯಿಲೆಗಳಿಗೂ ಸಂಬಂಧ ಕಾಣಲಿಲ್ಲ ಅಂತ ಸಮಿತಿ ಹೇಳಿತು. ಕಂಡದ್ದು ಹಳೇ ಕಾರಣಗಳೇ: ಸಕ್ಕರೆ, ಬಿಪಿ, ತಂಬಾಕು, ಕೊಲೆಸ್ಟ್ರಾಲ್. ಲಸಿಕೆಯನ್ನು ಬೈಯುತ್ತಾ ಬೀಡಿ ಸೇದುವವರನ್ನು ನಮ್ಮ ಟೀ ಅಂಗಡಿ ಮುಂದೆ ದಿನಾ ನೋಡುತ್ತೇನೆ. ಕಾಯುವ ದಿನಗಳಲ್ಲಿ ಟಿವಿ ಆರಿಸಿಡಿ ಅಂತ ಮಾತ್ರ ಹೇಳಬಲ್ಲೆ.

ಕೆಲಸಕ್ಕೆ ಹೋಗಬಹುದಾ? ವಾಕಿಂಗ್?

ಡಾಕ್ಟರನ್ನು ನೇರ ಕೇಳಿ, ನಿಮ್ಮ ಕೆಲಸ ಏನು ಅಂತ ಬಿಡಿಸಿ ಹೇಳಿ ಕೇಳಿ. "ಮಂಡಿ ಕೆಲಸ" ಅಂದರೆ ಅವರು ಕುರ್ಚಿ ಅಂದುಕೊಳ್ಳಬಹುದು, ಮೂಟೆ ಹೊರುವವರಿಗೆ ಅದು ಬೇರೆಯೇ ಲೆಕ್ಕ. ನನಗೆ ನೋವು ಬರದಷ್ಟು ಸಮತಟ್ಟಲ್ಲಿ ನಿಧಾನ ನಡೆಯಿರಿ, ಬಂದರೆ ನಿಲ್ಲಿ, ಬೆಟ್ಟ ಬೇಡ, ಊಟ ಆದ ಕೂಡಲೇ ನಡೆಯಬೇಡಿ ಅಂದರು. ಗಾಡಿ ಓಡಿಸುವವರು, ಅದರಲ್ಲೂ ಬಸ್ಸು ಲಾರಿ ಆಟೋದವರು, ತಲೆಸುತ್ತು ಬಂದಿದ್ದರೆ ಮುಚ್ಚಿಡಬೇಡಿ. ಹೊಸದಾಗಿ ಜಿಮ್ ಸೇರುವ ಹುರುಪು ಬಂದರೆ ಟೆಸ್ಟ್ ಆಗುವವರೆಗೆ ತಡೆಯಿರಿ.

ಗಂಡ ಹೆಂಡಿರ ವಿಷಯ ಕೇಳೋಕೆ ಎಲ್ಲರಿಗೂ ಸಂಕೋಚ. ಎರಡು ಮಹಡಿ ಮೆಟ್ಟಿಲು ತೊಂದರೆ ಇಲ್ಲದೆ ಹತ್ತುವವರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ ಅನ್ನುತ್ತಾರೆ, ಆದರೂ ಕೇಳಿ. ವಯಾಗ್ರದಂಥ ಮಾತ್ರೆ ತೆಗೆದುಕೊಂಡವರು ಸಾರ್ಬಿಟ್ರೇಟ್ ಇಟ್ಟುಕೊಂಡರೆ ಬಿಪಿ ಪಾತಾಳಕ್ಕೆ ಇಳಿದು ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಕೇಳಿದರೆ ನಿಜ ಹೇಳಿ.

ಊಟದಲ್ಲಿ ಏನು ಬಿಡಬೇಕು? ತೆಂಗಿನಕಾಯಿ?

ಕೊಬ್ಬರಿಯಿಂದಲೇ ಹೊಟ್ಟೆ ಹೊರೆಯುವವನನ್ನು ಇದು ಕೇಳಬೇಡಿ! ಕಾಯಿಯಲ್ಲಿ ಗಟ್ಟಿ ಕೊಬ್ಬು ಜಾಸ್ತಿ, ಅದು ನಿಜ. ನಮ್ಮ ಮನೆಯಲ್ಲಿ ಸಾರಿಗೆ ಹಾಕುವ ಕಾಯಿ ಅರ್ಧಕ್ಕೆ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಮುದ್ದೆ, ಸೊಪ್ಪು, ಕಾಳು ಇರಲಿ. ಉಪ್ಪಿನಕಾಯಿ, ಹಪ್ಪಳ, ಬೋಂಡಾ ಕಡಿಮೆ ಮಾಡಿ. ಮೂರು ವಾರದಲ್ಲಿ ಊಟದಿಂದ ಬ್ಲಾಕ್ ಹೋಗುವುದಿಲ್ಲ, ಉಪವಾಸ ಬೀಳಬೇಡಿ. ಬೀಡಿ, ಸಿಗರೇಟ್ ಮಾತ್ರ ಇವತ್ತೇ ಬಿಡಬೇಕು, ರಿಪೋರ್ಟ್ ಏನೇ ಬರಲಿ.

ಖಚಿತ ಆಗುವ ಮೊದಲೇ ಮಾತ್ರೆ ಯಾಕೆ ಕೊಟ್ಟರು?

ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ, ಬಡಿತ ತಗ್ಗಿಸುವ ಮಾತ್ರೆ, ಇವು ಕಾಯುವ ದಿನಗಳಿಗೆ ಕಾವಲು. ಅನುಮಾನ ಬಲವಾಗಿದ್ದರೆ ಮೊದಲೇ ಶುರು ಮಾಡುತ್ತಾರೆ. ಹೊಟ್ಟೆ ಉರಿದರೆ ಫೋನ್ ಮಾಡಿ ಕೇಳಿ, ನಿಲ್ಲಿಸಬೇಡಿ. ಪಕ್ಕದ ಮನೆಯವರ ಮಾತ್ರೆ ಇಸಕೊಳ್ಳಬೇಡಿ, ನಿಮ್ಮದು ಅವರಿಗೂ ಕೊಡಬೇಡಿ.

ಮನೆಯವರಿಗೆ ಹೇಳಲಾ? ಸುಮ್ನೆ ಹೆದರುತ್ತಾರೆ.

ಹೇಳಿ. ನಿಮಗೆ ಮಾತು ಬಾರದ ಹೊತ್ತಲ್ಲಿ ಫೋನ್ ಮಾಡುವವರು ಅವರೇ. ಮಾತ್ರೆ ಪಟ್ಟಿ, ಅಲರ್ಜಿ, ಹಳೇ ಇಸಿಜಿ, ಆಧಾರ್, ರೇಷನ್ ಕಾರ್ಡ್ ಎಲ್ಲ ಒಂದು ಫೈಲಲ್ಲಿ ಹಾಕಿ ಎಲ್ಲಿದೆ ಅಂತ ತೋರಿಸಿ. ಹಳೇ ಇಸಿಜಿ ಬಹಳ ಮುಖ್ಯ, ಹೊಸದರ ಪಕ್ಕ ಇಟ್ಟು ನೋಡಿದರೆ ಬದಲಾವಣೆ ಕೂಡಲೇ ಗೊತ್ತಾಗುತ್ತದೆ. ಇಸಿಜಿ ಕಾಗದದ ಅಚ್ಚು ಕಾಲ ಕಳೆದಂತೆ ಮಾಸುತ್ತದೆ, ಫೋಟೋ ತೆಗೆದಿಡಿ. ನೆಂಟರಿಗೆಲ್ಲ ಹೇಳುವ ಅಗತ್ಯ ಇಲ್ಲ, ಅವರು ಬಂದು ಸತ್ತವರ ಕಥೆಗಳನ್ನೇ ಹೇಳುತ್ತಾರೆ.

ದುಡ್ಡು?

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ 30 ಶೇಕಡಾ, 1.5 ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗಬಹುದು, ಕಾಯುವ ದಿನಗಳಲ್ಲಿ ಮಾಡಿಟ್ಟುಕೊಳ್ಳಬೇಕಾದ ಕೆಲಸ ಇದು, ಮಂಚದ ಮೇಲೆ ಮಲಗಿದ ಮೇಲಲ್ಲ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆ ನೋಡಿ. ಕಟ್ಟಿದ ನಾಳ ತೆರೆದಿಡಲು ಒಳಗೆ ಕೂರಿಸುವ ಸಣ್ಣ ಜಾಲರಿ ಕೊಳವೆಗೆ ಸ್ಟೆಂಟ್ ಅನ್ನುತ್ತಾರೆ. ಸ್ಟೆಂಟ್ ಬೆಲೆಗೆ 2017ರ ಫೆಬ್ರವರಿಯಿಂದ ಕೇಂದ್ರದ ಮಿತಿ ಇದೆ, ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ ಬೇರೆಯಾಗಿ ತೋರಿಸಿ ಅಂತ ಕೇಳಬಹುದು.

ಡೇಟ್ ಬೇಗ ಸಿಗುವಂತೆ ಮಾಡಬಹುದಾ?

ಯಾರಾದರೂ ಬಾರದಿದ್ದರೆ ಕರೆಯಿರಿ, ಎರಡು ಗಂಟೆಯಲ್ಲಿ ಬರುತ್ತೇನೆ ಅಂತ ನಂಬರ್ ಕೊಟ್ಟು ಬನ್ನಿ, ಕೆಲವೊಮ್ಮೆ ಕೆಲಸ ಮಾಡುತ್ತದೆ. ನೋವು ಜಾಸ್ತಿ ಆಗಿದ್ದರೆ ಕೌಂಟರಿನವರಿಗೆ ಹೇಳಿ ಸುಮ್ಮನಾಗಬೇಡಿ, ಡಾಕ್ಟರಿಗೇ ಮುಟ್ಟಿಸಿ. ನನ್ನ ಡೇಟ್ ಒಂದು ಸಲ ಹೇಳದೆ ಕೇಳದೆ ಮುಂದೆ ಹೋಯಿತು, ಜಗಳ ಆಡಿ ಬಿಪಿ ಏರಿಸಿಕೊಂಡೆ. ಲೆಕ್ಕದ ಪುಸ್ತಕ ತೋರಿಸಿದ ಮೇಲೆ ಮೊದಲಿನ ದಿನವೇ ಸಿಕ್ಕಿತು.

ನಿಮ್ಮದು ಕೊನೆಗೆ ಏನಾಯಿತು?

ಒಂದು ನಾಳದಲ್ಲಿ ಬ್ಲಾಕ್ ಇತ್ತು, ಸ್ಟೆಂಟ್ ಹಾಕುವಷ್ಟಿಲ್ಲ ಅಂದರು. ಮಾತ್ರೆ ನಡೆಯುತ್ತಿದೆ, ನೋವು ಬಂದು ತಿಂಗಳುಗಳಾದವು. ನನ್ನ ಜೊತೆ ಅವತ್ತು ಪಕ್ಕದ ಮಂಚದಲ್ಲಿ ಕಾಯುತ್ತಿದ್ದ ಕಡೂರಿನ ಮೇಷ್ಟ್ರಿಗೆ ನಾಳ ಎಲ್ಲ ಸರಿಯಾಗಿತ್ತು, ಅವರು ರಿಪೋರ್ಟ್ ಹಿಡಿದು ಅತ್ತರು. ಬೆಟ್ಟದ ಬಗ್ಗೆ ಕೇಳಿದ್ದೇನೆ, ಮುಂದಿನ ಸಲ ಟಿಎಂಟಿ ಮಾಡಿ ನೋಡಿ ಹೇಳೋಣ ಅಂದಿದ್ದಾರೆ. ಈ ಸಲ ಶೂ ಹಾಕಿಕೊಂಡು ಹೋಗುತ್ತೇನೆ.